ಕಂಬಕ್ಕೆ ಬಳಿದ ಸುಣ್ಣ

ಶಿವನಸಮುದ್ರದ ಕರೆಂಟಿನ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಮೊನ್ನೆ ಟೀವಿಯಲ್ಲಿ ಕೋಟು ಹಾಕಿಕೊಂಡ ಒಬ್ಬರು ಕೈಯಾಡಿಸುತ್ತಾ ಹೇಳುತ್ತಿದ್ದರು: ಕಾವೇರಿಯ ಕಾಡಿನಲ್ಲಿ ಹುಟ್ಟಿದ ವಿದ್ಯುತ್ತು ಬೆಟ್ಟಗುಡ್ಡಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗೆ ಬಂತಂತೆ, ಕತ್ತಲೆಯಲ್ಲಿದ್ದ ನಾಡಿಗೆ ಬೆಳಕು ತಂತಂತೆ. ವೆರಿ ನೈಸ್. ಆ ವಿದ್ಯುತ್ತು ದಾಟಿಕೊಂಡು ಬಂದಿದ್ದು ನಮ್ಮ ತಾತನ ಹೊಲದ ಮೇಲೆ. ಅದರ ಕೆಳಗೇ ನಮ್ಮ ಅಜ್ಜಿ ಸಾಯುವ ತನಕ ಹಣತೆ, ಬುಡ್ಡಿ ಹಚ್ಚಿಕೊಂಡು ಬದುಕಿದಳು. ಆ ಹಣತೆಗೆ ಎಣ್ಣೆ ಕೊಡುತ್ತಿದ್ದ ಮರವನ್ನು ಕಡಿದವರೂ ಕರೆಂಟಿನವರೇ. ಇದನ್ನು ಯಾವ ಕೋಟಿನವರೂ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಮ್ಮಪ್ಪ ಅದೇ ಕೋಲಾರದ ಊರಿಗಾಮಿನ ಗಣಿಯಲ್ಲಿ ಸ್ಟೋರ್ ಗುಮಾಸ್ತರಾಗಿದ್ದರು. ನಮ್ಮ ಕ್ವಾರ್ಟರ್ಸಿನ ನಡುಮನೆಯಲ್ಲಿ ಒಂದೇ ಒಂದು ಬಲ್ಬು. ಅಷ್ಟಕ್ಕೇ ನಾವು ದೊಡ್ಡ ಮನುಷ್ಯರು. ಸಾಹೇಬರ ಬಂಗಲೆಗಳಲ್ಲಿ ವರಾಂಡಕ್ಕೂ ಬಲ್ಬು, ತೋಟಕ್ಕೂ ಬಲ್ಬು. ಕ್ಲಬ್ಬಿನಲ್ಲಿ ಡಾನ್ಸ್ ಇದ್ದ ಸಂಜೆ ದೂರದ ಮಣ್ಣಿನ ದಿಬ್ಬಗಳೂ ಬೆಳ್ಳಗೆ ಕಾಣುತ್ತಿದ್ದವು. ಪಕ್ಕದ ಚಾಂಪಿಯನ್ ರೀಫ್ಸ್ ಗಣಿಯ ಕೂಲಿ ಲೈನುಗಳಲ್ಲಿ ಮಾತ್ರ ತಟ್ಟಿ ಗುಡಿಸಲು, ಸೀಮೆಎಣ್ಣೆ ಬುಡ್ಡಿ. ಭೂಮಿಯೊಳಗೆ ಇಳಿದು ಚಿನ್ನ ಅಗೆಯುವವರು ಮೇಲೆ ಬಂದರೂ ಕತ್ತಲೆಗೇ ಬರಬೇಕು. ಆಗ ನನಗೆ ಇದೆಲ್ಲ ತಪ್ಪು ಅಂತ ಅನ್ನಿಸುತ್ತಿರಲಿಲ್ಲ. ಲೋಕ ಇರುವುದೇ ಹೀಗೆ ಅಂದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಒಂದು ಜಲಪಾತ ಬರೆದು, ನೀರು ಕಾಲುವೆಯಿಂದ ಪೈಪಿನೊಳಗೆ ಇಳಿದು ಚಕ್ರ ತಿರುಗಿಸುವುದನ್ನು ತೋರಿಸಿ, ಹೌ ಗ್ರೇಟ್‌ಫುಲ್ ವಿ ಮಸ್ಟ್ ಬಿ, ಗರ್ಲ್ಸ್, ಅಂದರು. ನಾನು ಕೈಯೆತ್ತಿ, ಸಿಸ್ಟರ್, ಆ ಕಾಲುವೆ ಅಗೆದವರಲ್ಲಿ ನಮ್ಮ ತಾತನೂ ಒಬ್ಬರು, ಅಂದೆ. ಹೌ ಲವ್ಲಿ, ಅಂದರು. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ತಾತ ಹೋಗಿದ್ದು ನಿಜ. ಕೋಲಾರದ ಕಡೆಯವರಿಗೆ ಬಂಡೆಗೆ ತೂತು ಕೊರೆದು ಸಿಡಿಸುವುದು ಗೊತ್ತು ಅಂತ ಒಬ್ಬ ಮೇಸ್ತ್ರಿ ನಮ್ಮೂರಿಗೇ ಬಂದು ಜನ ಕಟ್ಟಿಕೊಂಡು ಹೋಗಿದ್ದ. ಆಗಿನ್ನೂ ತಾತನಿಗೆ ಮದುವೆಯಾಗಿರಲಿಲ್ಲ. ಹೊಳೆಯ ದಂಡೆಯಲ್ಲಿ ಬಿದಿರಿನ ಕಾಡು, ಚಿರತೆ ಕೂಗು. ಆನೆಗಳು ಯಂತ್ರದ ಗಾಲಿಗಳನ್ನು ಎಳೆದುಕೊಂಡು ಬರುವಾಗ ರಸ್ತೆಯೇ ಕುಸಿಯುತ್ತಿತ್ತಂತೆ. ಜಲಪಾತದ ಮೇಲಿನಿಂದ ಕಾಲುವೆ ತೋಡಿ, ಕಡಿದಾದ ಇಳಿಜಾರಿನಲ್ಲಿ ಪೈಪು ಮಲಗಿಸಿ, ಕೆಳಗೆ ಪವರ್ ಹೌಸ್ ಕಟ್ಟಿದರು. ಜೊತೆಗೆ ಹೋದವರಲ್ಲಿ ಎಷ್ಟೋ ಜನ ಚಳಿಜ್ವರದಲ್ಲಿ ಅಲ್ಲೇ ಮಣ್ಣಾದರು. ತಾತ ಜ್ವರವನ್ನು ಜೊತೆಯಲ್ಲೇ ಇಟ್ಟುಕೊಂಡು ವಾಪಸು ಬಂದ. ವರ್ಷ ವರ್ಷವೂ ಅದು ಬಂದು ಅವನನ್ನು ನಡುಗಿಸಿ ಹೋಗುತ್ತಿತ್ತು.

ರಜೆ ಬಂದರೆ ನಾನು ರೈಲಿನಲ್ಲಿ ಬಂಗಾರಪೇಟೆಗೆ ಇಳಿದು, ಅಲ್ಲಿಂದ ಚಿಕ್ಕಪ್ಪನ ಗಾಡಿಯಲ್ಲಿ ಊರಿಗೆ ಹೋಗುತ್ತಿದ್ದೆ. ಮನೆ ಮುಂದೆ ತಾತ ನೆಟ್ಟ ಹೊಂಗೆ ಮರ, ಅದರ ಪಕ್ಕದಲ್ಲೇ ಕರೆಂಟಿನ ಕಂಬ. ಲೈನು ಎಳೆಯಲು ಬಂದಾಗ ಊರಿನ ಮಿಕ್ಕವರೆಲ್ಲ ನಮ್ಮ ಹೊಲದಲ್ಲಿ ಬೇಡ ಅಂದರೆ, ತಾತ ತಾನೇ ಮುಂದೆ ಹೋಗಿ, ನಮ್ಮ ಜಾಗದಲ್ಲಿ ನೆಡಿ ಅಂದಿದ್ದನಂತೆ. ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಕಂಬಕ್ಕೆ ಕಿವಿ ಹಚ್ಚಿಸುತ್ತಿದ್ದ. ಒಳಗೆ ಜುಂಯ್ ಅನ್ನುವ ಸದ್ದು.

"ಕಾವೇರಿ ಓಡ್ತಾವ್ಳೆ ಕಣಮ್ಮಿ. ಕೇಳುಸ್ತಾ?"

ಅಜ್ಜಿ ಹಿತ್ತಲಿಂದಲೇ ಕೂಗುತ್ತಿದ್ದಳು. "ಓಡ್ತಾವ್ಳೆ, ಓಡ್ತಾವ್ಳೆ! ನಮ್ ತಲೆ ಮ್ಯಾಗೇ ಓಡ್ತಾವ್ಳೆ. ಒಂದ್ ಗಳಿಗೆ ಇಳ್ದು ದೀಪ ಅಚ್ಚೋಗು ಅಂತ ಯೇಳು ನಿನ್ ಕಾವೇರಿಗೆ."

"ಬತ್ತಾಳೆ, ಸುಮ್ಕಿರೇ. ಮೊದ್ಲು ಗಣಿಗೆ, ಆಮ್ಯಾಕೆ ನಿಮ್ ಮನೆಗೇ ಅಂತ ಮೇಸ್ತ್ರಿ ಯೇಳವ್ನೆ."

"ಆ ಮೇಸ್ತ್ರಿ ಸತ್ತು ಅವ್ನ ಗೋರಿ ಮ್ಯಾಗೆ ಲಂಟಾನ ಬೆಳ್ದೈತೆ. ಇವ್ರಿನ್ನೂ ಕಾಯ್ತಾ ಅವ್ರೆ, ಅಳಿಮಯ್ಯನ್ನ ಕಾದಂಗೆ."

ತಾತ ನಗುತ್ತಿದ್ದ. ಅವನಿಗೆ ಕರೆಂಟಿನ ಮೇಲೆ ನಂಬಿಕೆ, ಅಜ್ಜಿಗೆ ಹೊಂಗೆಯ ಮೇಲೆ. ಆ ಮರ ನಮ್ಮ ಮನೆಗೆ ಏನಾಗಿತ್ತು ಅಂತ ಇವತ್ತಿನವರಿಗೆ ಹೇಳಿದರೆ ಕಥೆ ಅನ್ನುತ್ತಾರೆ. ಮುಂಗಾರಿಗೆ ಮುಂಚೆ ಚಿಕ್ಕಪ್ಪ ಮೇಲೆ ಹತ್ತಿ ಎತ್ತರದ ಕೊಂಬೆಗಳನ್ನು ಸವರಿ, ಸೊಪ್ಪನ್ನು ಕೆರೆ ಹಿಂದಿನ ಗದ್ದೆಗೆ ತುಳಿಸುತ್ತಿದ್ದ. ಅದರಿಂದ ಗದ್ದೆಗೆ ಗೊಬ್ಬರವೂ ಆಗುತ್ತಿತ್ತು, ಮರವೂ ತಂತಿಗೆ ಎಟುಕದೆ ತನ್ನ ಪಾಡಿಗೆ ತಾನಿರುತ್ತಿತ್ತು. ಕೆಳಗಿನ ಕೊಂಬೆಗಳಲ್ಲಿ ಹೂವು. ಬೆಳಗ್ಗೆ ಎದ್ದರೆ ಅಂಗಳದ ತುಂಬ ತಿಳಿ ನೇರಳೆ ಬಣ್ಣದ ಹಾಸಿಗೆ. ಕಾಯಿ ಬಲಿತು ಒಣಗಿದ ಮೇಲೆ ಅಜ್ಜಿ ಕುಟ್ಟಿ ಬೀಜ ಬಿಡಿಸಿ ಗಾಣಕ್ಕೆ ಕೊಡುತ್ತಿದ್ದಳು. ಆ ಎಣ್ಣೆಯೇ ವರ್ಷವಿಡೀ ದೀಪಕ್ಕೆ. ಕಹಿ ಹೊಗೆ, ಕಣ್ಣು ಉರಿ, ಆದರೂ ಆ ವಾಸನೆಯಷ್ಟು ಮನೆಯ ವಾಸನೆ ಇನ್ನೊಂದಿಲ್ಲ. ಈಗಲೂ ಎಲ್ಲಾದರೂ ಹೊಂಗೆ ಹೂ ಬಿಟ್ಟಿದ್ದು ಕಂಡರೆ ನಾನು ಆಟೋ ನಿಲ್ಲಿಸುತ್ತೇನೆ. ಡ್ರೈವರು ಏನಮ್ಮಾ ಅನ್ನುತ್ತಾನೆ, ನಥಿಂಗ್ ಅನ್ನುತ್ತೇನೆ.

ಒಂದು ಮಾಘ ಮಾಸದಲ್ಲಿ ಜ್ವರ ಬಂದಿದ್ದು ತಾತನನ್ನು ಬಿಟ್ಟು ಹೋಗಲಿಲ್ಲ. ಅವನನ್ನು ಕೊನೆಯ ಸಲ ಮಲಗಿಸಿದ್ದು ಅದೇ ಮರದ ಕೆಳಗೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು: ಯಜಮಾನ ಹೋದರೆ ಅವನು ನೆಟ್ಟ ಮರಕ್ಕೆ ವರ್ಷದ ತಿಥಿ ಆಗುವವರೆಗೆ ಮಚ್ಚು ತಾಗಿಸಬಾರದು. ಆ ವರ್ಷ ಅವನು ಮರದಲ್ಲಿ ಇರುತ್ತಾನೆ. ಹಾಗಾಗಿ ಮುಂಗಾರು ಬಂದಾಗ ಚಿಕ್ಕಪ್ಪ ಸೊಪ್ಪಿಗೆ ಬೇರೆ ಕಡೆ ಹೋದ, ಹೊಂಗೆ ಮಳೆ ಕುಡಿದು ಮೇಲಕ್ಕೆ ಬೆಳೆಯಿತು. ಲೈನಿನ ಕೆಳಗೆ ಕಾಲ್ನಡಿಗೆಯಲ್ಲಿ ತಿರುಗಿ ತಂತಿ ನೋಡಿಕೊಳ್ಳುವ ಲೈನ್‌ಮನ್ ಒಬ್ಬನಿದ್ದ. ನಮ್ಮ ಮನೆಯಲ್ಲೇ ಮಜ್ಜಿಗೆ ಕುಡಿಯುತ್ತಿದ್ದವನು. ಅಜ್ಜಿ, ಕೊಂಬೆ ಸವರ್ಸು ಅಂತ ಅವನು ಹೇಳುತ್ತಲೇ ಇದ್ದ. ವರ್ಸ ತುಂಬ್ಲಿ ಕಣಪ್ಪಾ ಅಂತ ಇವಳು ಹೇಳುತ್ತಲೇ ಇದ್ದಳು.

ನಾನು ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿದ್ದಾಗ ಮೋಟಾರಿನಲ್ಲಿ ಕರೆಂಟಿನ ಇನ್ಸ್‌ಪೆಕ್ಟರ್ ಬಂದರು. ತಿಥಿಗೆ ಇನ್ನು ಕೆಲವೇ ವಾರ. ಖಾಕಿ ಚಡ್ಡಿ, ಬಿಳಿ ದೊರೆಗಳ ಹಾಗೆ ಸೋಲಾ ಟೋಪಿ, ಆದರೆ ನಮ್ಮವರೇ. ಮರ ನೋಡಿ ಮುಖ ಸಿಂಡರಿಸಿದರು. ಕಡಿಯಬೇಕು ಅಂದು ಜೊತೆಗಿದ್ದ ಆಳಿಗೆ ಏನೋ ಹೇಳಿದರು. ಅಜ್ಜಿ ಸೆರಗು ಹೊದ್ದು ಹಿಂದೆ ನಿಂತಳು. ಹನ್ನೆರಡೋ ಹದಿಮೂರೋ ವಯಸ್ಸಿನ ನಾನು ಮುಂದೆ ಹೋಗಿ ಕಾನ್ವೆಂಟಿನಲ್ಲಿ ಕಲಿತದ್ದನ್ನೆಲ್ಲ ಒಟ್ಟು ಮಾಡಿ ಹೇಳಿದೆ: ಪ್ಲೀಸ್ ಸರ್, ಮೈ ಗ್ರ್ಯಾಂಡ್‌ಮದರ್ ಈಸ್ ಇನ್ ಮೌರ್ನಿಂಗ್. ತಿಥಿ ಮುಗಿದ ಮಾರನೇ ದಿನವೇ ಸವರಿಸುತ್ತಾರೆ, ಪ್ರತಿ ವರ್ಷ ಸವರಿಸಿದ ಹಾಗೆ.

ಅವರು ಹುಬ್ಬು ಮೇಲೆತ್ತಿ, ಕಾನ್ವೆಂಟಾ, ಅಂದರು. ಯೆಸ್ ಸರ್. ವಾಟ್ ಎ ಲವ್ಲಿ ಆಕ್ಸೆಂಟ್, ಅಂದರು. ನಾನು ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದಿದ್ದು ಆಕ್ಸೆಂಟ್ ಒಂದೇ. ಆಮೇಲೆ ಕನ್ನಡದಲ್ಲಿ, ಓದಿದ ಹುಡುಗಿ ನೀನು, ಇಂಥ ಸೂಪರ್‌ಸ್ಟಿಷನ್ ನಂಬ್ತೀಯಾ, ಒಂದು ಕೊಂಬೆ ತಂತಿಗೆ ತಾಗಿ ಲೈನ್ ನಿಂತರೆ ಗಣಿಯೊಳಗೆ ಪಂಪು ನಿಲ್ಲುತ್ತೆ, ಕೆಳಗಿರೋ ಜನರನ್ನ ಮೇಲೆ ಎಳೆಯೋದು ನಿಲ್ಲುತ್ತೆ, ಗೊತ್ತಾ, ಎಂದು ಗದರಿದರು.

ಅದು ಸುಳ್ಳಲ್ಲ. ಅಜ್ಜಿ ಹಿಂದಿನಿಂದ ಕೇಳಿದಳು.

"ಒಳ್ಗೆ ಜನ ಅವ್ರಾ ಸೋಮಿ?"

"ಇದ್ದಾರಮ್ಮಾ. ಸಾವಿರಗಟ್ಟಲೆ."

ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿ, "ಮಚ್ಚು ತತ್ತಾರ್ಲಾ. ಅವ್ರೂ ಯಾರೋ ಎತ್ತ ಮಕ್ಳೇ ಅಲ್ವಾ. ನಿಮ್ಮಪ್ಪ ಏನೂ ಅಂದ್ಕೊಳ್ಳಾಕಿಲ್ಲ," ಅಂದಳು. ಚಿಕ್ಕಪ್ಪ ಹತ್ತಿದ. ಅಜ್ಜಿ ಬುಡಕ್ಕೆ ಕೈಯಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ನಿಂತಳು. ಇನ್ನೂ ಎಳಸಾಗಿದ್ದ ಹಸಿರು ಕಾಯಿಗಳು ಅಂಗಳದ ತುಂಬ. ಎಲ್ಲ ಮುಗಿದ ಮೇಲೆ ಮರಕ್ಕೂ ತಂತಿಗೂ ನಡುವೆ ಒಂದು ಗಾಡಿ ಹುಲ್ಲು ಹೋಗುವಷ್ಟು ಆಕಾಶ. ಇನ್ಸ್‌ಪೆಕ್ಟರ್ ತಲೆಯೆತ್ತಿ ನೋಡಿ, ಗುಡ್, ಈಗ ಸರಿ, ಅಂದರು. ಅಜ್ಜಿಯ ಕೈಯ ಎಳನೀರನ್ನೂ ಕುಡಿದರು.

ಅವರು ಹೋದ ಮೇಲೆ ಹಿಂದೆ ಉಳಿದ ಆಳೊಬ್ಬ ಸುಣ್ಣದ ಡಬ್ಬಿ ತಂದು ಮರದ ಬುಡಕ್ಕೆ ಸುತ್ತಲೂ ಬೆಳ್ಳಗೆ ಒಂದು ಪಟ್ಟೆ ಬಳಿದು, ಮಾತಾಡದೆ ನಡೆದ. ನಮ್ಮ ಕಡೆ ದೇವರಿಗೆ ಬಿಟ್ಟ ಮರಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಪಟ್ಟೆ ಇದ್ದ ಮರದ ಒಂದು ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಅಜ್ಜಿಯ ಮುಖ ಅರಳಿತು.

"ನೋಡ್ದೇನಮ್ಮಿ, ನಿನ್ನ ಇಂಗ್ಲೀಸ್ ಮಾತು ನಾಟೈತೆ ಅವ್ನಿಗೆ. ಪಟ್ಟೆ ಬಳ್ಸವ್ನೆ. ಇನ್ ಯಾವನೂ ಮುಟ್ಟಂಗಿಲ್ಲ."

ನಾನೂ ಹಾಗೇ ಅಂದುಕೊಂಡೆ. ಊರಿಗಾಮಿನ ಕ್ಲಬ್ ರಸ್ತೆಯ ಸಾಲುಮರಗಳಿಗೂ ಸಾಹೇಬರು ಸುಣ್ಣ ಬಳಿಸುತ್ತಿದ್ದರಲ್ಲ. ಅಜ್ಜಿ ಕೆಮ್ಮಣ್ಣು ಕಲಸಿ, ಬಿಳಿ ಪಟ್ಟೆಯ ಮೇಲೊಂದು ಕೆಳಗೊಂದು ಕೆಂಪು ಪಟ್ಟೆ ಎಳೆದು, ಅರಿಸಿನ ಕುಂಕುಮ ಇಟ್ಟು, ತಾತನಿಗೆ ಹೇಳುವ ಹಾಗೆ ಏನೋ ಗೊಣಗಿದಳು.

ನನ್ನ ರಜೆ ಮುಗಿಯುವ ಮೊದಲೇ ಒಂದು ಬೆಳಗ್ಗೆ ಗರಗಸ, ಕೊಡಲಿ, ಹಗ್ಗ ಹೊತ್ತ ಗ್ಯಾಂಗು ಬಂತು. ಗ್ಯಾಂಗಿನ ಮೇಸ್ತ್ರಿ ಮರದ ಸುತ್ತ ತಿರುಗಿ ನೋಡಿ, ಇದೇ ಕಣ್ರೋ, ಅಂದ. ಅಜ್ಜಿ ಕಸಬರಿಗೆ ಹಿಡಿದೇ ಓಡಿದಳು.

"ಏಯ್, ಪಟ್ಟೆ ಕಾಣ್ಸಾಕಿಲ್ವೇನ್ಲಾ ನಿನ್ ಕಣ್ಗೆ?"

"ಕಾಣ್ತೈತಲ್ಲಜ್ಜಿ, ಅದುಕ್ಕೇ ಬಂದಿರಾದು. ಸುಣ್ಣ ಬಳ್ದಿರೋ ಮರ ಬುಡಕ್ಕೇ ಕಡೀಬೇಕು ಅಂತ ಆರ್ಡ್ರು."

"ಕೊಂಬೆ ಕೊಯ್ದಾಯ್ತಲ್ಲಪ್ಪಾ! ಆ ದೊರೆ ಸರೋಯ್ತು ಅಂತ ಎಳ್ನೀರು ಕುಡ್ದೋದ್ನಲ್ಲಾ!"

"ಅದೆಲ್ಲ ನಂಗೊತ್ತಿಲ್ಲ. ಪಟ್ಟೆ ಐತಾ, ಕಡೀಬೇಕು."

ಗ್ಯಾಂಗಿನಲ್ಲಿ ಒಬ್ಬ ಹಲ್ಲು ಕಿರಿದು, "ನೋಡಣ್ಣೋ, ಅಜ್ಜಿನೇ ಇನ್ನೆರಡು ಪಟ್ಟೆ ಸೇರ್ಸವ್ಳೆ, ಮರ್ತೋಗ್ಬೇಡ್ರಪ್ಪಾ ಅಂತ," ಅಂದ. ಇಬ್ಬರು ಮೂವರು ನಕ್ಕರು. ಪಟ್ಟೆಯ ಮೇಲಿನ ಕುಂಕುಮ ಕಂಡ ಮೇಲೆ ನಗು ನಿಂತಿತು. ಕೊಡಲಿ ನಿಲ್ಲಲಿಲ್ಲ. ಸ್ಟಾಪ್ ಇಟ್, ಯು ಕಾಂಟ್, ಅಂತ ನಾನು ಕಿರುಚಿದೆ. ಆ ಭಾಷೆ ಅರ್ಥವಾಗುವವರು ಅಲ್ಲಿ ಇರಲಿಲ್ಲ. ಅರ್ಥವಾಗುವವರು ಎಳನೀರು ಕುಡಿದು ಹೋಗಿದ್ದರು.

ಇಷ್ಟು ವರ್ಷ ಯೋಚಿಸಿದ್ದೇನೆ. ತಂತಿಗೆ ಅಪಾಯ ಇದ್ದರೆ ಮರ ಕಡಿಯಲಿ, ನಾನು ಒಪ್ಪುತ್ತೇನೆ. ಅಪಾಯ ಇರಲಿಲ್ಲ. ಅದನ್ನು ತೆಗೆದುಹಾಕಿದ್ದಳು ನಮ್ಮ ಅಜ್ಜಿ, ಗಂಡನ ವರ್ಷದ ಪದ್ಧತಿ ಮುರಿದು, ತಾನು ಕಾಣದ ಯಾರದೋ ಮಕ್ಕಳಿಗಾಗಿ. ಆ ಸೋಲಾ ಟೋಪಿಗೆ, ಮೊದಲು ಹೇಳಿದ್ದು ಬೇಡ ಕಣಯ್ಯಾ, ಸುಣ್ಣ ವಾಪಸು ತಗೊಂಡು ಹೋಗು, ಅಂತ ತನ್ನ ಆಳಿಗೆ ಒಂದು ಮಾತು ಹೇಳಲೂ ನೆನಪಾಗಲಿಲ್ಲ. ಕೆಟ್ಟತನ ಆಗಿದ್ದರೆ ಕ್ಷಮಿಸಬಹುದಿತ್ತೇನೋ. ಮರೆವು! ಅದನ್ನು ಕ್ಷಮಿಸಲು ನನಗೆ ಇವತ್ತಿಗೂ ಆಗಿಲ್ಲ.

ದಿಮ್ಮಿಯನ್ನು ಅವರೇ ಗಾಡಿಗೆ ಹೇರಿಕೊಂಡು ಹೋದರು. ತಿಥಿಯ ದಿನ ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಊರಿಗೆ ಹೋದರು. ಅಜ್ಜಿ ಹಿಂದಿನ ವರ್ಷದ ಎಣ್ಣೆಯನ್ನು ಮಡಕೆಯ ತಳದಿಂದ ಬಗ್ಗಿಸಿ ಹಣತೆ ಹಚ್ಚಿದಳು. ಎಡೆ ಇಟ್ಟಾಯಿತು, ಊಟವಾಯಿತು. ಆಮೇಲೆ ಒಂದು ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು, ಯಾರಿಗೂ ಹೇಳದೆ ಎದ್ದು ಹೋಗಿ, ಕರೆಂಟಿನ ಕಂಬಕ್ಕೆ ಸುತ್ತಲೂ ಬೆಳ್ಳಗೆ ಒಂದು ಪಟ್ಟೆ ಬಳಿದಳು.

ಲೈನ್‌ಮನ್ ಮಜ್ಜಿಗೆಗೆ ಬಂದವನು ಬೆಚ್ಚಿಬಿದ್ದ. "ಅಯ್ಯೋ, ಕಂಬುಕ್ಯಾಕಜ್ಜಿ ಪಟ್ಟೆ?"

"ಪಟ್ಟೆ ಬಳ್ದಿದ್ನ ಬುಡಕ್ಕೇ ಕಡೀಬೇಕು ಅಂತಲ್ವಾ ನಿಮ್ಮ ಆರ್ಡ್ರು? ಕಡೀರಿ."

"ಅಳ್ಸಿಬಿಡಜ್ಜಿ, ಸಾಹೇಬ್ರು ನೋಡುದ್ರೆ ನನ್ ಕೆಲ್ಸ ಓಯ್ತದೆ."

"ನೋಡ್ಲಿ ಅಂತ್ಲೇ ಬಳ್ದಿರಾದು. ಮಜ್ಜಿಗೆ ಕುಡ್ದು ಎದ್ದೋಗು."

ಅವನು ಒದ್ದೆ ಗೋಣಿ ತಂದು ಉಜ್ಜಿ ಹೋದ. ಸಂಜೆಗೆ ಪಟ್ಟೆ ಮತ್ತೆ ಇತ್ತು. ಕೊನೆಗೆ ಅವನೇ ಕೈಬಿಟ್ಟ; ಕೇಳಿದವರಿಗೆ, ಅಲ್ಲಿ ಏನೋ ದೇವ್ರು ಮಾಡ್ಕೊಂಡವ್ರೆ ಅಂತ ಹೇಳಿಕೊಂಡನಂತೆ. ಅಜ್ಜಿ ಸೀಮೆಎಣ್ಣೆ ಬುಡ್ಡಿಯನ್ನು ಬೈಯುತ್ತಾ ಹಚ್ಚಿಕೊಂಡು ಬದುಕಿದಳು. ಒಂದೇ ಒಂದು ಸಲ ನಮ್ಮ ಕ್ವಾರ್ಟರ್ಸಿಗೆ ಬಂದಾಗ ಅಪ್ಪ ಹೆಮ್ಮೆಯಿಂದ ಸ್ವಿಚ್ ಒತ್ತಿದರು. ಅಜ್ಜಿ ಬಲ್ಬನ್ನು ನೋಡಿ, "ಇಲ್ಗೆ ಬಂದು ಕುಂತವ್ಳಾ ಇವ್ಳು," ಅಂದು ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಊಟಕ್ಕೂ ಒಳಗೆ ಬರಲಿಲ್ಲ. ಪ್ರತಿ ವರ್ಷ ತಿಥಿ ಮುಗಿದ ಮೇಲೆ ಕಂಬದ ಪಟ್ಟೆಯನ್ನು ಮಾತ್ರ ಹೊಸದಾಗಿ ಬಳಿಯುತ್ತಿದ್ದಳು, ಕೈ ನಡುಗಿ ಪಟ್ಟೆ ಸೊಟ್ಟಗಾಗುವ ಕಾಲ ಬರುವವರೆಗೆ.

ನಮ್ಮೂರಿಗೆ ಕರೆಂಟು ಬಂದಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟೋ ಕಾಲದ ಮೇಲೆ; ಅಜ್ಜಿ ಆಗ ಇರಲಿಲ್ಲ. ಓದಿದವಳು ಅಂತ ಸ್ವಿಚ್ ಒತ್ತಲು ನನ್ನನ್ನು ಕರೆದಿದ್ದರು. ಹೋದೆ. ಹೋಗುವ ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಒಂದು ಪೊಟ್ಟಣ ಸುಣ್ಣ ಕೊಂಡೆ. ಜನ ಹಾರ ಹಿಡಿದು ಕಾಯುತ್ತಿದ್ದರು. ಎಕ್ಸ್‌ಕ್ಯೂಸ್ ಮಿ, ಒಂದು ನಿಮಿಷ, ಅಂತ ಹೇಳಿ ನಾನು ಮೊದಲು ಅಜ್ಜಿಯ ಆ ಹಳೇ ಕಂಬದ ಹತ್ತಿರ ಹೋದೆ.