ಅಶ್ವತ್ಥಕಟ್ಟೆಯ ಹಸಿರು ಡಬ್ಬಿ

ಸ್ನೇಹಿತರೇ, ಇವತ್ತು ಪಾರ್ಕಿನಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ಮ್ಯಾಪ್ ನೋಡಿಕೊಂಡು ಹುಡುಕುವ ಜಿಯೋಕ್ಯಾಶಿಂಗ್ ಆಟದ ಹುಚ್ಚನ್ನು ಮಗಳು ನನಗೆ ಹಚ್ಚಿದ್ದಾಳೆ. ಡಬ್ಬಿ ತೆರೆದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಅಲ್ಲೇ ಇಡಬೇಕು. ಎಷ್ಟು ಭಾನುವಾರ ಸುತ್ತಿದರೂ ನನಗೆ ಒಂದೂ ಸಿಕ್ಕಿರಲಿಲ್ಲ.

ಇವತ್ತು ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಸಿಕ್ಕೇಬಿಟ್ಟಿತು. ಅಶ್ವತ್ಥ ಮರದ ಪೊಟರೆಯಲ್ಲಿ ಹಸಿರು ಪ್ಲಾಸ್ಟಿಕ್ ಡಬ್ಬಿ. ಆದರೆ ಯಾರೋ ಅದಕ್ಕೆ ಅರಿಶಿನ, ಕುಂಕುಮ ಹಚ್ಚಿ ದಾಸವಾಳ ಮುಡಿಸಿದ್ದರು! ಕೈ ಚಾಚಿದೆನೋ ಇಲ್ಲವೋ, ಮರ ಸುತ್ತುತ್ತಿದ್ದ ಹಿರಿಯ ಹೆಂಗಸೊಬ್ಬರು ಕೂಗಿದರು.

"ಏನಮ್ಮಾ, ಚಪ್ಪಲಿ ಹಾಕ್ಕೊಂಡು ದೇವರನ್ನ ಮುಟ್ತೀಯಲ್ಲ!"

"ಇದು ದೇವರಲ್ಲ ಆಂಟಿ, ಆಟದ ಡಬ್ಬಿ. ತೆಗೆದು ನನ್ನ ಹೆಸರು ಬರೀಬೇಕು."

"ಆಟವಂತೆ! ನನ್ನ ಸೊಸೆಗೆ ನಾರ್ಮಲ್ ಡೆಲಿವರಿ ಆಗಿದ್ದೇ ಇದರಿಂದ. ಮುಚ್ಚಳ ತೆಗೆದು ನೋಡು, ಆಮೇಲೆ ಗೊತ್ತಾಗತ್ತೆ!"

ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಅದು ದೇವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಅಕಸ್ಮಾತ್ ಆಗಿದ್ದರೆ? ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕಿದೆ. ಆಂಟಿ ಕರಗಿಹೋದರು.

"ಹೆಸರು ತಾನೇ ತಲುಪಬೇಕು? ಬರಿಯೋದ್ಯಾಕೆ? ರಾಶಿ, ನಕ್ಷತ್ರಾನೂ ಹೇಳು, ಅರ್ಚನೆ ಮಾಡಿಬಿಡ್ತೀನಿ."

ಮಾಡಿಯೇ ಬಿಟ್ಟರು. ಮುಚ್ಚಳ ತೆರೆಯಲೇ ಇಲ್ಲ. ಮನೆಗೆ ಬಂದಾಗಿನಿಂದ ಆಪ್ ಒಂದೇ ಸಮನೆ ಕೇಳುತ್ತಿದೆ: ಸಿಕ್ಕಿತೋ, ಇಲ್ಲವೋ? ಚೀಟಿಯಲ್ಲಿ ಹೆಸರು ಬರೆಯದೆ ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಸಿಗಲಿಲ್ಲ ಎಂದು ಒತ್ತೋಣವೆಂದರೆ, ಪ್ರಸಾದದ ಬಾಳೆಹಣ್ಣು ಆಗಲೇ ತಿಂದಾಗಿದೆ.