ನಮ್ಮ ಫ್ರಿಜ್ಜಿನಲ್ಲಿ ಕೈಸಾಳ ಗಿಣ್ಣುಹಾಲು

ಅತ್ತೆಯವರು ನಾವಿರುವ ಈ ಡಚ್ ಊರು ವಾಗೆನಿಂಗನ್ನಿಗೆ ಬಂದಿಳಿದ ಮೇಲೆ ನಮ್ಮ ಫ್ರಿಜ್ಜಿನಲ್ಲಿ ಅನಾಥ ವಸ್ತುಗಳಿಗೆ ಆಯುಷ್ಯವಿಲ್ಲ. ಮುಂಚೆಯಾದರೆ ಅರ್ಧ ಸೌತೆಕಾಯಿಯೊಂದು ತನ್ನ ಪ್ಲಾಸ್ಟಿಕ್ ಹೊದಿಕೆಯೊಳಗೆ ನಿಶ್ಚಿಂತೆಯಿಂದ ವಾನಪ್ರಸ್ಥ ಅನುಭವಿಸಿ, ಕಾಲಕ್ರಮದಲ್ಲಿ ದ್ರವರೂಪ ತಾಳಿ, ಯಾರಿಗೂ ತೊಂದರೆ ಕೊಡದೆ ತೀರಿಕೊಳ್ಳುತ್ತಿತ್ತು. ಈಗ ಹಾಗಲ್ಲ. ಬೆಳಗಿನ ಕಾಫಿ ಮುಗಿದೊಡನೆ ಅತ್ತೆ ಬಾಗಿಲು ತೆರೆದು ತಪಾಸಣೆ ನಡೆಸುತ್ತಾರೆ. ಯಾರದೆಂದು ತಿಳಿಯದ ಪ್ರತಿಯೊಂದೂ ಮಧ್ಯಾಹ್ನದೊಳಗೆ ತಂಬುಳಿಯೋ ಗೊಜ್ಜೋ ಆಗಿ ಸದ್ಗತಿ ಪಡೆಯುತ್ತದೆ. ಮೈಸೂರಿನವನಾದ ನಾನು ತಿನ್ನುವುದೊಂದನ್ನು ಬಿಟ್ಟರೆ ಪಾಕಶಾಸ್ತ್ರದ ಬೇರಾವ ಶಾಖೆಯಲ್ಲೂ ಪರಿಶ್ರಮವಿಲ್ಲದವನು. ಆದ್ದರಿಂದ ಉಡುಪಿಯಿಂದ ಬಂದ ಈ ಆಡಳಿತವನ್ನು ನಾನು ಒಮ್ಮೆಯೂ ಪ್ರಶ್ನಿಸಿದವನಲ್ಲ.

ಫ್ರಿಜ್ಜಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ದೇಶದ ಜನ ಅಂಗಡಿಗೆ ದಿನಾ ಸೈಕಲ್ಲಿನಲ್ಲಿ ಹೋಗಿ ಬರುವವರಾದ್ದರಿಂದ ಅವರ ಫ್ರಿಜ್ಜು ಅಡುಗೆಕಟ್ಟೆಯ ಕೆಳಗೆ ವಿನಯದಿಂದ ಮುದುಡಿ ಕುಳಿತಿರುತ್ತದೆ. ನಮ್ಮದು ದೋಸೆ ಹಿಟ್ಟು, ಇಡ್ಲಿ ಹಿಟ್ಟು, ತುರಿದ ತೆಂಗಿನಕಾಯಿಗಳ ಸಂಯುಕ್ತ ಸಂಸಾರವಾದ್ದರಿಂದ ಬೀರುವಿನಷ್ಟು ದೊಡ್ಡ ಎರಡು ಬಾಗಿಲಿನದು. ಪಕ್ಕದ ಮನೆಯ ಕೈಸಾ ಹಬ್ಬಹರಿದಿನಗಳಲ್ಲಿ ತನ್ನ ಪಾತ್ರೆಪಗಡಗಳನ್ನು ಇದರಲ್ಲಿಡುವುದು ವಾಡಿಕೆ. ಕೈಸಾ ಫಿನ್ಲೆಂಡಿನವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುವವಳು, ಮಿತಭಾಷಿ. ನಮ್ಮ ಫ್ರಿಜ್ಜಿನಲ್ಲಿ ಜಾಗ ಕೇಳುವಾಗಲೂ ಸಾಲ ಕೇಳುವವಳಂತೆ ಮುಖ ಕೆಂಪು ಮಾಡಿಕೊಳ್ಳುತ್ತಾಳೆ.

ಕಳೆದ ವಸಂತದ ಒಂದು ಗುರುವಾರ ಸಂಜೆ ಆಕೆ ಹೀಗೇ ಕೆಂಪಾಗಿ ಒಂದು ಸ್ಟೀಲ್ ಕ್ಯಾನನ್ನು ನನ್ನ ಕೈಗಿತ್ತಳು. ಒಳಗಿದ್ದದ್ದು ಗಿಣ್ಣುಹಾಲು. ಊರಾಚೆ, ನದಿಯ ಒಡ್ಡಿನ ಪಕ್ಕದ ರೈತನ ಹಸುವೊಂದು ಆಗಷ್ಟೇ ಕರು ಹಾಕಿತ್ತು. ಕರು ಕುಡಿದು ಮಿಕ್ಕಿದ್ದನ್ನು ಆತ ಕೊಟ್ಟಿದ್ದ. ಅವಳ ಊರಿನಲ್ಲಿ ಈ ಹಾಲಿಗೆ ಚಿಟಿಕೆ ಉಪ್ಪು ಹಾಕಿ, ಬೆಣ್ಣೆ ಸವರಿದ ಮಣ್ಣಿನ ತಟ್ಟೆಗೆ ಸುರಿದು, ಕಲಕದೆ ಕದಡದೆ ಓವನ್ನಿನಲ್ಲಿಟ್ಟು, ಮೇಲೆ ಕಂದು ಮಚ್ಚೆ ಮೂಡುವವರೆಗೆ ಬೇಯಿಸುತ್ತಾರಂತೆ. ಹೆಸರು ಊನಿಯೂಸ್ತೊ, ಕನ್ನಡಕ್ಕೆ ತಂದರೆ ಒಲೆಯ ಗಿಣ್ಣು ಅನ್ನಬಹುದು. ಶನಿವಾರ ಅವಳ ತಾಯಿ ಹೆಲ್ಮಿ ಬರುವವರಿದ್ದರು. ಆಯುಷ್ಯವೆಲ್ಲ ಹಸು ಸಾಕಿದ ಆ ತಾಯಿ, ಮಂಡಿನೋವು ಜಾಸ್ತಿಯಾಗಿ, ಆ ಚಳಿಗಾಲದಲ್ಲಿ ಕೊಟ್ಟಿಗೆ ಖಾಲಿ ಮಾಡಿದ್ದರು. ‘ಅಮ್ಮನ ಮನೆಯಲ್ಲಿ ಇನ್ನು ಇದು ಆಗುವುದಿಲ್ಲ. ಒಂದು ಸಲ ನಾನು ಮಾಡಿ ಅವಳಿಗೆ ಬಡಿಸಬೇಕು’ ಎಂದಳು ಕೈಸಾ. ಅವಳ ಮಟ್ಟಿಗೆ ಅದು ದೀರ್ಘ ಭಾಷಣ.

ನಾನು ಕ್ಯಾನನ್ನು ಹಿಟ್ಟಿನ ಪಾತ್ರೆಗಳ ಹಿಂದೆ ಇರಿಸಿ ಹೆಂಡತಿ ಶುಭಾಳಿಗೆ ವಿಷಯ ತಿಳಿಸಿದೆ. ಅವಳು ತಾಯಿಗೆ ಹೇಳುತ್ತಾಳೆಂದು ನಾನೂ, ನಾನೇ ಹೇಳಿರುತ್ತೇನೆಂದು ಅವಳೂ ಭಾವಿಸಿದೆವು. ದಾಂಪತ್ಯದಲ್ಲಿ ಪರಸ್ಪರ ವಿಶ್ವಾಸ ಅತಿಯಾದರೆ ಆಗುವ ಅನಾಹುತಗಳ ಬಗ್ಗೆ ಯಾರಾದರೂ ಬರೆಯಬೇಕು.

ಶುಕ್ರವಾರ ಸಂಜೆ ಆಫೀಸಿನಿಂದ ಬಂದಾಗ ಬಾಗಿಲಿನಲ್ಲೇ ಏಲಕ್ಕಿ ಪರಿಮಳ. ಅತ್ತೆಯವರ ಮುಖದಲ್ಲಿ, ಮದುವೆಯಾದಂದಿನಿಂದ ನಾನು ಕಂಡಿರದ ಒಂದು ವಾತ್ಸಲ್ಯ. ತಟ್ಟೆಯಲ್ಲಿ ಹಳದಿ ಬಣ್ಣದ, ಬೆಲ್ಲದ ಹೊಳಪಿನ, ಮುಟ್ಟಿದರೆ ನಡುಗುವ ತುಂಡುಗಳು.

‘ನಿಮ್ಮದು ಭಾರೀ ಗುಟ್ಟು ಮಾರಾಯ್ರೆ! ಈ ಊರಲ್ಲಿ ಗಿಣ್ಣುಹಾಲು ಸಿಗ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅತ್ತೆಗೆ ಇಷ್ಟ ಅಂತ ಹುಡ್ಕಿ ತಂದು, ಒಂದು ಮಾತು ಹೇಳ್ಲಿಲ್ಲ ನೋಡಿ’ ಎಂದರು.

ಮೊದಲ ಚಮಚಕ್ಕೇ ನನಗೆ ಸಂಗತಿ ಹೊಳೆಯಿತು. ಆದರೆ ಓದುಗರೇ, ಸತ್ಯವನ್ನು ಬರೀ ಬಾಯಲ್ಲಿ ಹೇಳಬೇಕೇ ಹೊರತು ತುಂಬಿದ ಬಾಯಲ್ಲಿ ಹೇಳಬಾರದು. ತಟ್ಟೆ ಮುಗಿಸಿದೆ. ಇನ್ನೊಂದು ತುಂಡು ಬಂತು, ಅದನ್ನೂ ಮುಗಿಸಿದೆ. ಗಂಟಲು ಸರಿಪಡಿಸಿಕೊಂಡು ‘ಅತ್ತೆ...’ ಎನ್ನುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹೊರಗೆ ಕೈಸಾ, ಕೈಯಲ್ಲಿ ತೊಳೆದು ಒರೆಸಿದ ನಮ್ಮ ಮನೆಯ ಡಬ್ಬಿ.

ಗಿಣ್ಣು ಮಾಡಿದ ದಿನ ಮೊದಲ ಪಾಲು ನೆರೆಮನೆಗೆ ಹೋಗಬೇಕು, ಆಮೇಲೆ ಮನೆಯವರು ಬಾಯಿಗಿಡಬೇಕು ಎಂಬುದು ಅತ್ತೆಯವರ ಮನೆಯ ಪದ್ಧತಿ. ಉಡುಪಿಯಲ್ಲಿ ನಡೆಸಿಕೊಂಡು ಬಂದದ್ದನ್ನು ಅವರು ಇಲ್ಲೇಕೆ ಬಿಟ್ಟಾರು? ಮಧ್ಯಾಹ್ನವೇ ಡಬ್ಬಿ ತುಂಬಿ, ಸೀರೆಯ ಮೇಲೆ ಕೋಟು ಹಾಕಿಕೊಂಡು ಹೋಗಿ, ಕೈಸಾಳ ಕೈಗಿತ್ತು ಬಂದಿದ್ದರು. ಹೀಗೆ ಆ ಹೆಣ್ಣುಮಗಳು ತನ್ನದೇ ಹಾಲನ್ನು ನಮ್ಮ ಔದಾರ್ಯವೆಂದು ತಿಳಿದು ಚಪ್ಪರಿಸಿ ತಿಂದು, ಧನ್ಯವಾದ ಹೇಳಲು ಬಂದು ನಿಂತಿದ್ದಳು.

‘ತುಂಬ ರುಚಿ. ಯಾವುದರಿಂದ ಮಾಡುತ್ತೀರಿ?’ ಎಂದು ಕೇಳಿದಳು.

ನಾನು ಹೇಳಿದೆ. ಹೇಳಲೇಬೇಕಾಯಿತು. ಮೊದಲು ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು; ಈ ಮಿತಭಾಷಿಗೆ ಇಷ್ಟು ದೊಡ್ಡ ನಗು ಇದೆಯೆಂದು ನಮಗೆ ಗೊತ್ತಿರಲಿಲ್ಲ. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಾ ಹೊರಟುಹೋದಳು. ಅಷ್ಟರಲ್ಲಿ ಮನೆಗೆ ಬಂದಿದ್ದ ಶುಭಾ ವಿಷಯ ಬಿಡಿಸಿ ಹೇಳಿದಾಗ ಅತ್ತೆ ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟರು. ‘ಆ ಮಗು ಅಮ್ಮನಿಗೆ ಅಂತ ಇಟ್ಟದ್ದನ್ನು ನಾನು ಎಂತ ಮಾಡಿಬಿಟ್ಟೆ’ ಎಂದು ಗೋಡೆಗೆ ಹೇಳಿಕೊಂಡರು. ಆ ರಾತ್ರಿ ಅವರು ಊಟಕ್ಕೂ ಏಳಲಿಲ್ಲ. ಅಷ್ಟು ಹೊತ್ತು ಪ್ರಹಸನದಂತಿದ್ದದ್ದು ಆಗ ನನಗೂ ಸಂಕಟವಾಗತೊಡಗಿತು.

ಶನಿವಾರ ಬೆಳಗ್ಗೆ, ವಾರಾಂತ್ಯದಲ್ಲಿ ಸೂರ್ಯನಿಗಿಂತ ಮೊದಲು ಏಳುವುದನ್ನು ತಾತ್ವಿಕವಾಗಿ ವಿರೋಧಿಸುವ ನಾನು, ಕ್ಯಾನನ್ನು ಸೈಕಲ್ ಚೀಲಕ್ಕೆ ಹಾಕಿಕೊಂಡು ಒಡ್ಡಿನ ದಾರಿ ಹಿಡಿದೆ. ಹೋಗುವಾಗಲೂ ಎದುರುಗಾಳಿ, ಬರುವಾಗಲೂ ಎದುರುಗಾಳಿ. ಈ ದೇಶದಲ್ಲಿ ಇದು ಹೇಗೆ ಸಾಧ್ಯವೆಂಬುದನ್ನು ನಾನು ವಿಚಾರಿಸುವುದನ್ನು ಬಿಟ್ಟು ವರ್ಷಗಳಾದವು. ಗಿಣ್ಣುಹಾಲಿಗೆ ಡಚ್ಚರು ಬೀಸ್ಟ್ ಎನ್ನುತ್ತಾರೆ. ನನ್ನ ಉಚ್ಚಾರದಲ್ಲಿ ಅದು ಕಾಡುಮೃಗವೊಂದನ್ನು ಬೇಡಿದಂತೆ ಕೇಳಿಸಿತೋ ಏನೋ, ರೈತ ನನ್ನನ್ನೂ ಕ್ಯಾನನ್ನೂ ಬಹಳ ಹೊತ್ತು ನೋಡಿದ. ಬೇರೆ ಯಾವ ಹಸುವೂ ಕರು ಹಾಕಿರಲಿಲ್ಲ. ಅದೇ ಹಸುವಿನ ಆ ಬೆಳಗಿನ ಹಾಲು, ಇನ್ನೂ ಡೇರಿಯ ಟ್ಯಾಂಕಿಗೆ ಸೇರಿಸದ್ದು, ಸ್ವಲ್ಪ ಇದೆ ಎಂದ. ಮೊದಲ ಹಾಲಿನ ಅರಿಶಿನ ಬಣ್ಣ ಇಳಿದುಹೋಗಿ, ಕೆನೆಬಣ್ಣವಷ್ಟೇ ಉಳಿದಿತ್ತು. ಅದನ್ನೇ ತಂದೆ.

ಅತ್ತೆ ಕಾಯುತ್ತಿದ್ದರು. ಮುಚ್ಚಳ ತೆಗೆದು ಮೂಸಿ, ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು, ಅದು ಹರಿಯುವ ಬಗೆ ನೋಡಿದರು. ‘ತೆಳು ಆಗಿದೆ. ಗಟ್ಟಿ ಆಗ್ತದೋ ಇಲ್ವೋ, ದೇವರಿಗೇ ಗೊತ್ತು. ನೀವು ಬನ್ನಿ, ನಂಗೆ ಅವಳ ಹತ್ರ ಮಾತಾಡ್ಲಿಕ್ಕೆ ಬರುದಿಲ್ಲ’ ಎಂದು ನನ್ನನ್ನು ಮುಂದೆ ಮಾಡಿಕೊಂಡು ಕೈಸಾಳ ಅಡುಗೆಮನೆಗೆ ನಡೆದರು. ದುಭಾಷಿಯ ಉದ್ಯೋಗ ದೊರೆತದ್ದು ನನ್ನ ಜೀವನದಲ್ಲಿ ಅದೇ ಮೊದಲು, ಮತ್ತು ಅನಾವಶ್ಯಕ. ಏಕೆಂದರೆ ಕೈಸಾ ಅಭ್ಯಾಸಬಲದಿಂದ ಹಾಲು ಕಲಕಲು ಚಮಚ ಎತ್ತಿದೊಡನೆ ಅತ್ತೆ ಅವಳ ಮಣಿಕಟ್ಟು ಹಿಡಿದರು. ಉಪ್ಪಿನ ಡಬ್ಬಿ ಕಂಡಾಗ ಮಾತ್ರ ಅವರು ಮುಖ ಕಿವುಚಿದರು. ಗಿಣ್ಣಿಗೆ ಉಪ್ಪೇ? ಆದರೂ ತಡೆಯಲಿಲ್ಲ. ಪ್ರಾಯಶ್ಚಿತ್ತದಲ್ಲಿ ಇದೂ ಸೇರಿದೆ ಎಂದುಕೊಂಡಿರಬೇಕು.

ಆಮೇಲೆ ನಾವು ಮೂವರೂ ಓವನ್ನಿನ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆವು. ಸಾವಧಾನದ ಉರಿಯಲ್ಲಿ ಹಾಲು ಬಹಳ ಹೊತ್ತು ಹಾಲಾಗಿಯೇ ಇತ್ತು. ಅಂಚು ಗಟ್ಟಿಯಾಯಿತು, ನಡುವೆ ಕೆರೆ. ಕೆರೆ ಸಣ್ಣದಾಯಿತು. ಮೇಲೆ ಒಂದು ಕಂದು ಮಚ್ಚೆ ಮೂಡಿದಾಗ ಕೈಸಾ ಅತ್ತೆಯವರ ಕೈ ಅದುಮಿದಳು. ಹೊರಗೆ ತೆಗೆದಾಗ ನಡುಭಾಗ ಇನ್ನೂ ನಡುಗುತ್ತಿತ್ತು. ಕತ್ತರಿಸಿ ತುಂಡು ಮಾಡುವಂತಿರಲಿಲ್ಲ.

ಮಧ್ಯಾಹ್ನ ಹೆಲ್ಮಿ ಬಂದರು. ಎತ್ತರದ, ನೆಟ್ಟಗಿನ, ಮಗಳಿಗಿಂತಲೂ ಮಿತಭಾಷಿಯಾದ ಹೆಂಗಸು. ಕೈಸಾ ನಮ್ಮನ್ನೂ ಮೇಜಿಗೆ ಕರೆದಿದ್ದಳು. ತಟ್ಟೆ ಮುಂದೆ ಬಂದಾಗ ಹೆಲ್ಮಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಚಮಚದ ತುದಿಯಿಂದ ನಡುವನ್ನು ಮೆಲ್ಲಗೆ ತಟ್ಟಿ ಏನೋ ಹೇಳಿದರು. ಕೈಸಾಳ ಮುಖ ಇಳಿಯಿತು. ‘ಇದು ಮೊದಲ ಹಾಲಿನದಲ್ಲ, ಆಮೇಲಿನದ್ದು ಅನ್ನುತ್ತಿದ್ದಾಳೆ’ ಎಂದು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು. ಅತ್ತೆಗೆ ಯಾರೂ ಅನುವಾದಿಸುವ ಅಗತ್ಯವಿರಲಿಲ್ಲ. ಅವರು ಸೆರಗಿನ ತುದಿ ಹಿಡಿದುಕೊಂಡು ಮೇಜನ್ನೇ ನೋಡುತ್ತಿದ್ದರು.

ಹೆಲ್ಮಿ ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು. ಆಮೇಲೆ, ಮಗಳೂ ಕೇಳಿರದಿದ್ದ ಸಂಗತಿಯೊಂದನ್ನು ತಡೆತಡೆದು ಹೇಳತೊಡಗಿದರು. ಮೊದಲ ಹಾಲಿನ ಗಟ್ಟಿ ಗಿಣ್ಣು ಅವರ ಮನೆಯಲ್ಲಿ ನೆಂಟರಿಗೆ, ಪಾದ್ರಿಗೆ, ಹಳ್ಳಿಯ ದೊಡ್ಡವರಿಗೆ ಹೋಗುತ್ತಿತ್ತಂತೆ. ಆಮೇಲಿನ ಹಾಲಿನದ್ದು ತುಂಡಾಗುವುದಿಲ್ಲ, ಯಾರಿಗೂ ಕೊಡಲು ಬರುವುದಿಲ್ಲ. ಅದನ್ನು ಅವರ ಅಮ್ಮ ಒಲೆಯ ಬಳಿಯೇ ಕೂತು ಪುಟ್ಟ ಹೆಲ್ಮಿಯ ಜೊತೆ ಒಂದೇ ತಟ್ಟೆಯಿಂದ ಕೆರೆದು ತಿನ್ನುತ್ತಿದ್ದರಂತೆ. ಆ ಅಮ್ಮ ಹೋದ ಮೇಲೆ ತಾನು ಎಷ್ಟೋ ಸಲ ಗಟ್ಟಿಯದನ್ನು ಮಾಡಿದ್ದೇನೆ, ಇದನ್ನು ಮಾತ್ರ ಮತ್ತೆ ತಿಂದಿರಲಿಲ್ಲ ಎಂದರು.

ಇಷ್ಟನ್ನೂ ಕೈಸಾ ಒಂದೊಂದೇ ವಾಕ್ಯವಾಗಿ ನಮಗೆ ಅನುವಾದಿಸಿದಳು. ಹೆಲ್ಮಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದು ಚಮಚವನ್ನು ಮಗಳ ಕೈಗೆ ಕೊಟ್ಟರು. ತಾಯಿ ಒಂದು ಅಂಚಿನಿಂದ, ಮಗಳು ಇನ್ನೊಂದು ಅಂಚಿನಿಂದ ಕೆರೆಯತೊಡಗಿದರು. ಮೇಜಿನ ಈಚೆ ಅತಿಥಿಗಳಿದ್ದಾರೆ, ಅವರ ಮುಂದೆ ಖಾಲಿ ತಟ್ಟೆಗಳಿವೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ರುಚಿ ನೋಡುವ ಆಸೆಯಿಂದ ನಾನು ಇನ್ನೂ ಚಮಚ ಹಿಡಿದೇ ಕುಳಿತಿದ್ದೆ. ಅತ್ತೆ ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟರು.

‘ಏಳಿ, ನಾವು ಹೋಗುವ’ ಎಂದರು.