ಅಡ್ಡಗಾಲು

ಅತ್ತೆಗೆ ಅಡ್ಡಗಾಲು ಹಾಕುವ ಸೊಸೆ ಎಂದು ಪುತ್ತಿಗೆಯಲ್ಲಿ ನನಗೆ ಹೆಸರು ಬಂದಿತ್ತು. ಸುಳ್ಳೇನಲ್ಲ. ದಿನಕ್ಕೆ ಇಪ್ಪತ್ತು ಸಲ ಹಾಕುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಅತ್ತೆಗೆ ಕಂಪವಾತ. ಕೈ ನಡುಗುವುದನ್ನು ಹೇಗೋ ಸಹಿಸಬಹುದಿತ್ತು. ಆದರೆ ಹೊಸ್ತಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಮೈ ಮುಂದಕ್ಕೆ, ಕಾಲು ಅಲ್ಲೇ. ಮಂಗಳೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವರು ಒಂದು ಉಪಾಯ ಹೇಳಿಕೊಟ್ಟರು: "ಅವರ ಪಾದದ ಮುಂದೆ ನಿಮ್ಮ ಪಾದ ಅಡ್ಡ ಇಡಿ. ದಾಟ್ಲಿಕ್ಕೆ ಅಂತ ಕಾಲು ತಾನಾಗಿ ಏಳ್ತದೆ. ಬಿದ್ದು ಸೊಂಟ ಮುರಿದರೆ ಮತ್ತೆ ನಡೆಯುವುದು ಕಷ್ಟ."

ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಮೊದಲ ದಿನ ಕಾಲು ಚಾಚಲು ನಾಚಿಕೆಯಾಯಿತು. ಅತ್ತೆಯೇ ನಕ್ಕರು: "ನಿನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವರು ಹೇಳಿದ್ದಲ್ವಾ, ಇಡು ಮಾರಾಯ್ತಿ!" ಇಟ್ಟೆ. ಅವರ ಕಾಲು ಎದ್ದಿತು.

ಅಲ್ಲಿಂದ ಬಚ್ಚಲಿಗೆ, ಊಟಕ್ಕೆ, ಜಗಲಿಗೆ, ಎಲ್ಲದಕ್ಕೂ ನನ್ನ ಕಾಲೇ ಬೇಕು. ಗಂಜಿ ಉಕ್ಕುವ ಹೊತ್ತಿಗೇ ಕರೆ ಬರುತ್ತಿತ್ತು. ಸಾಕಾಗಿಹೋಗಿತ್ತು ನನಗೆ. ಕೇಳಿದರೂ ಕೇಳದ ಹಾಗೆ ಒಲೆಯ ಮುಂದೆ ಕೂತದ್ದೂ ಉಂಟು.

ನಾನು ಬಸುರಿ ಎಂದು ತಿಳಿಸಿದ ಮರುದಿನ, ಬಚ್ಚಲ ಹೊಸ್ತಿಲಲ್ಲಿ ಕಾಲು ಇಟ್ಟರೆ ಅತ್ತೆ ದಾಟಲೊಲ್ಲರು.

"ಬಸುರಿಯನ್ನು ದಾಟ್ಲಿಕ್ಕುಂಟಾ? ಮಗುವಿನ ಕಾಲು ಬೆಳೆಯುದಿಲ್ಲ."

"ಅದೆಲ್ಲ ಏನೂ ಆಗುದಿಲ್ಲ, ದಾಟಿ. ನನಗೆ ನಿಂತು ನಿಂತು ಸೊಂಟ ನೋಯ್ತದೆ."

"ನೀನು ಕಾಲು ತೆಗಿ."

ನನಗೆ ರೇಗಿತು. "ತೆಗೆಯುದಿಲ್ಲ. ಏನು ಬೇಕಾದ್ರೂ ಮಾಡಿ!"

ಹಠಕ್ಕೆ ಅಲ್ಲೇ ಇಟ್ಟೆ. ಅವರು ನನ್ನ ಪಾದವನ್ನು ಸುತ್ತುಹಾಕಿ ಹೋಗಲು ಪಕ್ಕಕ್ಕೆ ತಿರುಗಿದರು. ತಿರುಗಿದ್ದು ಮೈ ಮಾತ್ರ. ನಾನು ಕೈ ಚಾಚುವಷ್ಟರಲ್ಲಿ ಬಿದ್ದಿದ್ದರು.

ನೆಲದಿಂದಲೇ ಕೇಳಿದರು: "ನಿನಗೆ ತಾಗ್ಲಿಲ್ಲ ಅಲ್ವಾ?"

ಸೊಂಟದ ಮೂಳೆ ಮುರಿದಿತ್ತು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ತಪ್ಪು ನನ್ನದು ಎಂದು ಅತ್ತರೆ, "ಸುಮ್ಮನಿರು, ಹೊಟ್ಟೆಯಲ್ಲಿದ್ದದ್ದಕ್ಕೆ ಕೇಳ್ತದೆ" ಎನ್ನುತ್ತಿದ್ದರು.

ಬೆಳ್ತಂಗಡಿಯ ತವರಿನಲ್ಲಿ ಹೆರಿಗೆಯಾಯಿತು. ಮಗಳನ್ನು ಎತ್ತಿಕೊಂಡು ಬಂದು ಅವರ ಪಕ್ಕದಲ್ಲಿ ಮಲಗಿಸಿದೆ. ಅವರು ಮೊದಲು ಮುಖ ನೋಡಲಿಲ್ಲ. ನಡುಗುವ ಕೈಯಿಂದ ಬಟ್ಟೆ ಸರಿಸಿ ಕಾಲು ಹಿಡಿದರು. ಮಗು ಜಾಡಿಸಿ ಒದೆಯಿತು.

"ಗಟ್ಟಿ ಉಂಟು," ಎಂದರು ಅತ್ತೆ. "ನಾನು ದಾಟ್ಲಿಲ್ಲ ನೋಡು."